ಕೆಂಡ ಕೇಳಲು ಬರುತ್ತಿದ್ದ ಅಜ್ಜಿ

ಬೆಳಿಗ್ಗೆ ಆರೂ ಇಪ್ಪತ್ತು. ಗೂಡಿನಲ್ಲಿದ್ದ ಅಲಾರಂ ಗಡಿಯಾರದ ಮುಳ್ಳುಗಳು ಎರಡೆರಡಾಗಿ ಕಾಣುತ್ತಿದ್ದವು. ಏಳಲು ಹೋದೆ, ಕಾಲುಗಳು ನನ್ನವಲ್ಲವೇನೋ ಎಂಬಂತೆ ಮಡಚಿಕೊಂಡವು. ಪಕ್ಕದಲ್ಲಿ ಇಪ್ಪತ್ತೈದು ದಿನದ ಮಗು. ದಿನಾ ಆ ಹೊತ್ತಿಗೆ ಹಾಲಿಗಾಗಿ ಕಿರುಚುತ್ತಿದ್ದದ್ದು ಅಂದು ಸುಮ್ಮನಿತ್ತು.

ಆ ಬೆಳಗಿನ ಗುರುತು ನನ್ನ ಮೈಮೇಲೆ ಉಳಿಯಲಿಲ್ಲ. ಉಳಿದದ್ದು ಎದುರುಮನೆ ಅಜ್ಜಿಯ ಬಲ ಅಂಗೈ ಮೇಲೆ: ಹೆಬ್ಬೆರಳ ಬುಡದಿಂದ ಕಿರುಬೆರಳವರೆಗೆ ಎಳೆದಂತಿದ್ದ, ಹೊಳೆಯುವ ಒಂದು ಸುಟ್ಟ ಗೆರೆ. ಐವತ್ತು ವರ್ಷ ಕೆಂಡ ಹೊತ್ತ ಆ ಕೈಗೆ ಇದ್ದ ಸುಟ್ಟ ಕಲೆ ಅದೊಂದೇ. ಅಜ್ಜಿ ಈಗಿಲ್ಲ.

ಎಪ್ಪತ್ತರ ದಶಕದ ಕೊನೆ. ನಮ್ಮವರಿಗೆ ಯಲಹಂಕದ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ಧಾರವಾಡದ ಕಡೆಯವರಾದ ನಾವು ಚಿಕ್ಕಜಾಲದ ಹತ್ತಿರದ ಹಳ್ಳಿಯಲ್ಲಿ ಬಾಡಿಗೆಗಿದ್ದೆವು. ತಾರಸಿಯ ಒಂದೇ ಕೋಣೆ, ಒಂದೇ ಕಿಟಕಿ. ಅಜ್ಜಿ ದಿನಾ ಬೆಳಿಗ್ಗೆ ಮುರಿದ ಮಡಕೆಯ ಓಡು ಹಿಡಿದು ಯಾರದಾದರೂ ಮನೆ ಬಾಗಿಲಿಗೆ ಹೋಗಿ, ತಮ್ಮ ಒಲೆ ಹೊತ್ತಿಸಲು ಒಂದು ಕೆಂಡ ಕೇಳುತ್ತಿದ್ದರು. ಇವತ್ತು ಈ ಮನೆ, ನಾಳೆ ಆ ಮನೆ. ಬಿ.ಎ. ಓದಿದ ನನಗೆ ಅದು ಬಡತನವಾಗಿ ಕಂಡಿತ್ತು. ಒಮ್ಮೆ ಹೊಸ ಕಡ್ಡಿಪೆಟ್ಟಿಗೆಯನ್ನೇ ಕೊಡಲು ಹೋದೆ.

"ಇಟ್ಕೋರಿ ಅಜ್ಜಿ, ದಿನಾ ಯಾಕ ತ್ರಾಸ?"

"ನಮ್ಮಟ್ಟೀಲಿ ಮೂರು ಅವೆ ಕಣವ್ವ. ಅವು ನನ್ ಜೊತೆ ಮಾತಾಡ್ತವಾ?" ಎಂದು ನಕ್ಕರು.

ನಮ್ಮ ಬೀದಿಯಲ್ಲಿ ಇಬ್ಬರು ಅಣ್ಣತಮ್ಮಂದಿರು ನಡುಗೋಡೆಯೊಂದರ ವಿಚಾರಕ್ಕೆ ಮಾತು ಬಿಟ್ಟಿದ್ದರು. ಅಜ್ಜಿ ಅಣ್ಣನ ಮನೆಯಲ್ಲಿ ಕೆಂಡ ಇಸಿದುಕೊಂಡು ನೇರ ತಮ್ಮನ ಮನೆಗೆ ಹೋಗಿ ಒಲೆಗೆ ಹಾಕುತ್ತಿದ್ದರು. "ನಿಮ್ಮಣ್ಣನ ಮನೇದು. ಉರೀದಿದ್ರೆ ಏಳು, ವಾಪಸ್ ಕೊಟ್ಬರ್ತೀನಿ." ತಮ್ಮ "ನಿನಗೆ ಬೇರೆ ಕೆಲ್ಸ ಇಲ್ವಾ ಅಜ್ಜಿ" ಎಂದು ಗೊಣಗುತ್ತಲೇ ಊದುಕೊಳವೆ ಕೈಗೆತ್ತಿಕೊಳ್ಳುತ್ತಿದ್ದ.

ನನಗೆ ತಾಯಿ ಇರಲಿಲ್ಲ. ಬಾಣಂತನ ಆ ಕೋಣೆಯಲ್ಲೇ ಆಯಿತು. ಹೆರಿಗೆಯಾದ ಮೇಲೆ ಅಜ್ಜಿ ಸರದಿ ಬಿಟ್ಟು ದಿನಾ ನಮ್ಮ ಬಾಗಿಲಿಗೇ ಬರತೊಡಗಿದರು.

ನಮ್ಮ ಕಡೆ ಬಾಣಂತಿಯ ಮಂಚದ ಕೆಳಗೆ ಕೆಂಡ ತುಂಬಿದ ಕಬ್ಬಿಣದ ಅಗ್ಗಿಷ್ಟಿಕೆ, ಶೇಗಡಿ, ಇಡುತ್ತಾರೆ. ಅಲ್ಲಿ ಅದನ್ನು ಕಾಯಲು ಮನೆಯ ಹಿರಿಯಳೊಬ್ಬಳು ಕೂತಿರುತ್ತಾಳೆ, ಮಾಳಿಗೆಗೆ ಬೆಳಕಿಂಡಿ ಇರುತ್ತದೆ. ನಾವು ಊರಿನಿಂದ ಶೇಗಡಿಯನ್ನಷ್ಟೇ ತಂದಿದ್ದೆವು. ಆ ಬೆಳಿಗ್ಗೆ ವಿಪರೀತ ಚಳಿ. ನಮ್ಮವರು ಐದಕ್ಕೆ ಪಾಳಿಗೆ ಹೊರಡುವ ಮುಂಚೆ ಶೇಗಡಿಗೆ ಇದ್ದಿಲು ತುಂಬಿ ಹೊತ್ತಿಸಿ, ಕಿಟಕಿಗೆ ಗೋಣಿತಾಟು ಸಿಕ್ಕಿಸಿ ಹೋದರು. ನಾನೇ ಎದ್ದು ಬಾಗಿಲಿನ ಅಗುಳಿ ಹಾಕಿಕೊಂಡೆ.

"ಕೆಂಡ ಐತೇನವ್ವಾ?"

ಅಜ್ಜಿಯ ದನಿ. ಉತ್ತರ ಗಂಟಲಿಗೆ ಬಂತು, ಹೊರಗೆ ಬರಲಿಲ್ಲ. ಎರಡನೆಯ ಸಲ ಕೂಗಿದರು. ಆಮೇಲೆ ಸದ್ದಿಲ್ಲ. ಮಲಗಿದ್ದಾಳೆ ಎಂದುಕೊಂಡು ಮುಂದಿನ ಮನೆಗೆ ಹೋಗಿಬಿಟ್ಟರೆ? ಇಷ್ಟು ವರ್ಷವಾದರೂ ನಾನು ಮತ್ತೆ ಮತ್ತೆ ಹೋಗಿ ನಿಲ್ಲುವುದು ಆ ಗಳಿಗೆಯಲ್ಲೇ.

ಅವರು ಹೋಗಿರಲಿಲ್ಲ. ಕಿವಿಗೊಟ್ಟು ನಿಂತಿದ್ದರು. "ಕೂಸು ಅಳ್ತಿಲ್ಲ ಕಣ್ರಲಾ, ಬಾಗ್ಲು ಒಡೀರಿ" ಎಂದದ್ದು ಕೇಳಿಸಿತು. ಹಾರೆ ತಂದವನು ಅಣ್ಣ, ಮೀಟಿದವನು ತಮ್ಮ. ಅಜ್ಜಿ ನುಗ್ಗಿ ಬಂದು ಮಗುವನ್ನು ತಮ್ಮನ ಹೆಂಡತಿಯ ಮಡಿಲಿಗೆ ಹಾಕಿದರು. ಮತ್ತೆ ಒಳಬಂದು, ಕಾದ ಶೇಗಡಿಯ ಹಿಡಿಗೆ ಬರಿಗೈ ಹಾಕಿ ಎತ್ತಿ ಅಂಗಳಕ್ಕೆ ಎಸೆದರು. ಅಣ್ಣತಮ್ಮ ಮಂಚದ ಎರಡು ತುದಿ ಹಿಡಿದು ನನ್ನನ್ನು ಬಯಲಿಗೆ ತಂದರು. "ನಿನ್ ಕಡೆ ಎತ್ತೋ" ಎಂದ ಅಣ್ಣ. ಎಷ್ಟೋ ತಿಂಗಳ ಮೇಲೆ ಅವರಿಬ್ಬರ ನಡುವೆ ಅದೇ ಮೊದಲ ಮಾತು.

ದೊಡ್ಡ ರಸ್ತೆಯಲ್ಲಿ ಹಾಲಿನ ವ್ಯಾನು ಬಂದು ನಿಂತಿತ್ತು. "ಕ್ಯಾನ್ ಏರಿಸೋದಾ, ಇವರನ್ನಾ?" ಎಂದ ಚಾಲಕ. ಆಗಲೇ ಏರಿಸಿದ್ದ ಕ್ಯಾನುಗಳನ್ನು ಊರಿನವರು ಒಂದೊಂದಾಗಿ ಇಳಿಸಿಕೊಂಡರು. "ಇವತ್ತು ಊರೆಲ್ಲ ಮೊಸರು ತಿನ್ನಾನ ಬುಡ್ರಿ" ಎಂದು ಅಜ್ಜಿ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಯಲಹಂಕ ಮುಟ್ಟುವ ಮೊದಲೇ, ತಣ್ಣನೆಯ ಗಾಳಿಗೆ ಮಗು ಕೆಮ್ಮಿತು, ಮುಖ ಕಿವುಚಿತು, ಅತ್ತಿತು.

ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ವಿಷಗಾಳಿ ಕುಡಿದಿದ್ದೀರಿ, ಇನ್ನು ಭಯವಿಲ್ಲ ಎಂದ ಆಸ್ಪತ್ರೆಯ ವೈದ್ಯರು, ಅಂಗೈಗೆ ಮುಲಾಮು ಹಚ್ಚಿಸಿಕೊಳ್ಳುತ್ತಿದ್ದ ಅಜ್ಜಿಯನ್ನು ತೋರಿಸಿ, "ಇವರು ನಿಮಗೇನಾಗಬೇಕು?" ಎಂದು ನನ್ನನ್ನು ಕೇಳಿದರು. ಅಜ್ಜಿಯೇ ಹೇಳಿದರು: "ಒಂದೇ ಒಲೆಯೋರು ಸ್ವಾಮಿ."

ಮನೆಗೆ ಬಂದರೂ ನಿದ್ದೆ ಹತ್ತಲಿಲ್ಲ. ಗಳಿಗೆಗೊಮ್ಮೆ ಮಗುವಿನ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತಿದ್ದೆ. ಕೆಂಡದ ಹತ್ತಿರ ಹೋಗುತ್ತಿರಲಿಲ್ಲ, ಒಲೆಯನ್ನು ನಮ್ಮವರೇ ಹೊತ್ತಿಸುತ್ತಿದ್ದರು. ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಒಂದು ಮಡಕೆಯ ಓಡು ಹುಡುಕಿಕೊಂಡು ಎದುರುಮನೆ ಬಾಗಿಲಲ್ಲಿ ನಿಂತೆ.

"ಅಜ್ಜಿ, ಒಂದು ಕೆಂಡ ಕೊಡ್ರಿ."

"ಯಾಕವ್ವ, ಕಡ್ಡಿಪೆಟ್ಟಿಗೆ ಕಾಲಿಯಾಯ್ತಾ?"

ಓಡಿನ ತಳಕ್ಕೆ ಬೂದಿ ಹರಡಿ, ಅದರ ಮೇಲೆ ಕೆಂಡ ಇಟ್ಟರು. ಅಂಗೈಯ ಗೆರೆ ಇನ್ನೂ ಕೆಂಪಗಿತ್ತು. ನಾನು ಅದನ್ನೇ ನೋಡುತ್ತ ನಿಂತೆ. "ಇಂಗೆ ನಿಂತ್ರೆ ಆರೋಯ್ತದೆ, ಓಗು" ಎಂದು ಗದರಿದರು.

ಮರುದಿನ ನಮ್ಮವರು ಪಾಳಿಗೆ ಹೋದದ್ದು ನನಗೆ ಗೊತ್ತೇ ಆಗಲಿಲ್ಲ. ಕಣ್ಣು ಬಿಟ್ಟಾಗ ಬೆಳಕಾಗಿತ್ತು. ರಾತ್ರಿಯಿಡೀ ಒಮ್ಮೆಯೂ ಎಚ್ಚರವಾಗಿರಲಿಲ್ಲ. ಅಗುಳಿ ಹಾಕದ ಬಾಗಿಲು ಅರ್ಧ ತೆರೆದಿತ್ತು. ಗಡಿಯಾರದಲ್ಲಿ ಆರೂ ಇಪ್ಪತ್ತು. ಮಗು ಕೈಕಾಲು ಬಡಿದು ಕಿರುಚುತ್ತಿತ್ತು. ಓಡು ಹಿಡಿದು ಹೊಸ್ತಿಲಲ್ಲಿ ನಿಂತ ಅಜ್ಜಿ ಬೈಯುತ್ತಿದ್ದರು: "ಕೂಸು ಅಳ್ತೈತೆ ಕಣವ್ವ, ಇನ್ನೂ ನಿದ್ದೆನಾ?"