‘ಇಲ್ದಿದ್ರೆ’ಯ ಸಾಲು

ದೂರದೇಶದ ಗಾಲ್ವೇ ಎಂಬ ಊರಿನಲ್ಲಿ ಹೃದಯಕ್ಕೆ ಕೂರಿಸುವ ಉಪಕರಣಗಳ ಕಂಪನಿಯೊಂದರಲ್ಲಿ ನೂಮಾನ್ ಪ್ರೋಗ್ರಾಮರ್. ಅಲ್ಲಿ ಬಳಸುವ ಪ್ರೋಗ್ರಾಮಿಂಗ್ ಭಾಷೆ ಬಲು ಅನುಮಾನದ್ದು. ಯಾವುದಾದರೂ ಮಾಹಿತಿ ಬರಬಹುದು, ಬರದೆಯೂ ಇರಬಹುದು ಎಂದಾದರೆ, ಬಂದರೆ ಏನು, ಬರದಿದ್ದರೆ ಏನು ಎಂದು ಎರಡೂ ಸಾಲು ಬರೆಯಲೇಬೇಕು. ಒಂದನ್ನು ಬಿಟ್ಟರೂ ಪ್ರೋಗ್ರಾಂ ಅಲ್ಲಾಡುವುದಿಲ್ಲ. ಬೆಂಗಳೂರಿನಲ್ಲಿ ‘ನೋಡ್ಕೊಳ್ಳೋಣ ಬಿಡು’ ಎಂದುಕೊಂಡೇ ಬದುಕಿದವನು ಈ ಭಾಷೆಯ ಕೈಕೆಳಗೆ ವರ್ಷಗಟ್ಟಲೆ ದುಡಿದು, ಬಸ್ಸಿಗೆ ಕಾಯುವಾಗಲೂ ‘ಬಂದ್ರೆ’ ಎನ್ನುವವನಾದ. ಗಾಲ್ವೇಯ ಬಸ್ಸುಗಳ ಮಟ್ಟಿಗೆ ಅದು ಸರಿಯೇ. ತಾನು ಜಾಣನಾಗುತ್ತಿದ್ದೇನೆ ಎಂದೂ ಅವನಿಗೆ ಅನ್ನಿಸಿತ್ತು. ಪಂಜರದ ಗಿಣಿಗೂ ಹಾಗೇ ಅನ್ನಿಸುತ್ತದೇನೋ.

ಹೆಂಡತಿ ಆಮ್ನಾ, ಕಾಲೇಜಿನಲ್ಲಿ ಸಹಪಾಠಿಯಾಗಿದ್ದವಳು, ಬಸುರಿಯಾದಳು. ಒಂದು ಭಾನುವಾರ ಟೇಪು ಹಿಡಿದು ಕಿಟಕಿಯ ಪಕ್ಕ ಅಳೆಯುತ್ತಿದ್ದಳು.

“ಮಗು ಬಂದ್ಮೇಲೆ ತೊಟ್ಟಿಲು ಇಲ್ಲೇ ಇಡೋಣ.”

“ಬಂದ್ರೆ ಇಲ್ಲೇ. ಇಲ್ದಿದ್ರೆ ನನ್ನ ಡೆಸ್ಕ್ ಹಾಕ್ಬಹುದು.”

ಆಮ್ನಾ ಟೇಪು ಸುತ್ತಿದಳು. “ಇನ್‌ಶಾ ಅಲ್ಲಾ ಅನ್ನೋಕೆ ಬಾಯಿ ನೋಯುತ್ತಾ ನಿಂಗೆ?”

“ಅದ್ರಲ್ಲೂ ‘ಅಲ್ಲಾಹ್ ಮನಸ್ಸು ಮಾಡಿದ್ರೆ’ ಅಂತ ತಾನೆ ಇರೋದು? ಎರಡೂ ಒಂದೇ.”

“ಒಂದೇ ಅಲ್ಲ ಸಾಹೇಬ. ಹಾಗನ್ನೋರು ‘ಇಲ್ದಿದ್ರೆ’ ಅನ್ನೋ ಸಾಲು ಬರೆಯಲ್ಲ.”

ಐದನೆಯ ತಿಂಗಳಲ್ಲಿ ಮಗುವಿನ ಎದೆಬಡಿತ ನಿಂತಿತು. ಹೆಣ್ಣುಮಗು. ಆಸ್ಪತ್ರೆಯಲ್ಲಿ ನರ್ಸ್ ಅವನ ಭುಜ ಮುಟ್ಟಿ ಹೇಗಿದ್ದೀರಿ ಎಂದಾಗ, ಇಲ್ಲಿನವರನ್ನು ಕೇಳಿ ಕೇಳಿ ಕಲಿತ ಬಾಯಿ ತಾನಾಗಿಯೇ ‘ಗ್ರ್ಯಾಂಡ್’, ಅಂದರೆ ಚೆನ್ನಾಗಿದ್ದೇನೆ, ಎಂದಿತು. ಆಮ್ನಾ ಅವನತ್ತ ನೋಡಿದಳು.

ಮನೆಗೆ ಬಂದು ಅವಳು ಗೋಡೆಯತ್ತ ತಿರುಗಿ ಮಲಗಿದಳು. ಅವನು ಮಾಡಿಟ್ಟ ಚಹಾ ಕೆನೆಗಟ್ಟಿತು. ಮಗುವಿನ ಹಿಂದೆಯೇ ಇವಳೂ ಕೈತಪ್ಪಿ ಹೋಗುತ್ತಾಳೆ ಎಂದು ಅವನಿಗೆ ಭಯವಾಯಿತು. ಸಂಜೆ ಅವಳೇ ಕೇಳಿದಳು.

“ನೀನು ಮೊದ್ಲೇ ಯೋಚ್ನೆ ಮಾಡಿದ್ಯಲ್ಲ, ಇಲ್ದಿದ್ರೆ ಅಂತ. ಈಗ ಇಲ್ಲ. ಏನ್ ಮಾಡೋದು, ಹೇಳು.”

ಆಫೀಸಿನಲ್ಲಿ ಆ ಸಾಲು ಚಿಕ್ಕದು: ಸೊನ್ನೆ ಎಂದು ತಿಳಿ, ಮುಂದಕ್ಕೆ ಹೋಗು.

“ನಾನೇನೂ ಯೋಚ್ನೆ ಮಾಡಿರ್ಲಿಲ್ಲ ಆಮ್ನಾ. ಸುಮ್ನೆ ಬಾಯಿಗೆ ಬಂದಿತ್ತು.”

“ಗೊತ್ತು. ಅದಕ್ಕೇ ಜಾಸ್ತಿ ನೋವು.”

ಆರಿದ ಚಹಾ ಎತ್ತಿಕೊಳ್ಳುತ್ತ ಅವನೆಂದ, “ಮಣ್ಣು ಮಾಡೋ ಮೊದ್ಲು ಹೆಸರಿಡ್ಬೇಕು.”

“ಅರೀಬಾ,” ಎಂದಳು. ಎಂದೋ ಇಟ್ಟಾಗಿದ್ದ ಹೆಸರಿನಂತೆ. ಅವನಿಗೆ ಹೇಳಿರಲಿಲ್ಲ, ಅಷ್ಟೆ.

ಮರುದಿನ ದಫನ್‌ಗೆ ಹೊರಟಾಗ ಆಮ್ನಾ ಮಗುವಿನ ಪುಟ್ಟ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಕೂತಳು. ಕಾರು ಓಡಿಸುತ್ತಿದ್ದ ಅವನ ಪಕ್ಕ, ಅವಳು ಯಾವಾಗಲೂ ಕೂರುವ ಸೀಟು ಖಾಲಿಯೇ ಇತ್ತು.