ಎಂಟನೇ ಹೆನ್ರಿಯ ಪಾಠ ಮಾಡಿದ ದಿನ

ಕಳೆದ ವಾರ ಹಳೆಯ ಕೈಚೀಲವೊಂದನ್ನು ಎಸೆಯುವ ಮುನ್ನ ಒಳಗೆ ಕೈಯಾಡಿಸಿದೆ. ಅಸ್ತರಿಗೆ ಅಂಟಿಕೊಂಡ ಸ್ಟಿಕ್ಕರ್ ಒಂದು ಸಿಕ್ಕಿತು: 'ವಿಸಿಟರ್'. ನೀವು ನಂಬಲಿಕ್ಕಿಲ್ಲ, ಅಷ್ಟಕ್ಕೇ ಹಳೆಯ ಹೆದರಿಕೆ ಮರಳಿತು.

ಅದನ್ನು ಎದೆಗೆ ಅಂಟಿಸಿಕೊಂಡು ಶಾಲೆಯೊಂದಕ್ಕೆ ಪಾಠ ಮಾಡಲು ಹೋದದ್ದು ನಾವು ಮೆಲ್ಬರ್ನಿಗೆ ಬಂದ ಮೂರನೇ ವರ್ಷ. ಡ್ಯಾಂಡಿನಾಂಗಿನಲ್ಲಿ ಬಾಡಿಗೆ ಮನೆ, ಮುಗಿಯುತ್ತ ಬಂದ ವೀಸಾ. ಮಂಗಳೂರಿನಲ್ಲಿ ಹನ್ನೊಂದು ವರ್ಷ ಇತಿಹಾಸ ಕಲಿಸಿದವಳನ್ನು ಇಲ್ಲಿ ಕರೆದದ್ದು ಒಂದೇ ಒಂದು ಶಾಲೆ. ಅದೂ ಆಂಗ್ಲಿಕನ್ ಚರ್ಚಿನದು. ಪರೀಕ್ಷೆಗೆಂದು ನಾನು ಮಾಡಬೇಕಿದ್ದ ಪಾಠ: 'ಎಂಟನೇ ಹೆನ್ರಿ ಬಿಟ್ಟುಹೋದದ್ದೇನು?' ಕ್ಯಾಥೊಲಿಕರ ಗುರು ಪೋಪರನ್ನು ಧಿಕ್ಕರಿಸಿ ತಾನೇ ಇಂಗ್ಲೆಂಡಿನ ಚರ್ಚಿಗೆ ಯಜಮಾನನಾದ ದೊರೆ ಅವನು. ನನಗೆ ಕಲಿಸಿದ ಕ್ಯಾಥೊಲಿಕ್ ಸಿಸ್ಟರುಗಳು ಅವನ ಹೆಸರು ಹೇಳುವಾಗ ತುಟಿ ಬಿಗಿಯುತ್ತಿದ್ದರು. ಈ ಶಾಲೆಯವರ ಆಂಗ್ಲಿಕನ್ ಚರ್ಚೋ, ಅವನಿಂದಲೇ ಶುರು.

"ನೀನು ಕ್ಯಾಥೊಲಿಕ್ ಅಂತ ಹೇಳ್ಲಿಕ್ಕೆ ಹೋಗ್ಬೇಡ ಮಾರಾಯ್ತಿ," ಎಂದರು ಗಂಡ. "ಈ ಕೆಲ್ಸ ಹೋದ್ರೆ ಪಿಆರ್ ಕೂಡ ಹೋಯ್ತು, ಇಲ್ಲೇ ಖಾಯಂ ಉಳಿಯೋದೂ ಹೋಯ್ತು."

ಪಾಠದ ದಿನ ತರಗತಿಯ ಹಿಂದಿನ ಸಾಲಿನಲ್ಲಿ ಇತಿಹಾಸ ವಿಭಾಗದ ಮುಖ್ಯಸ್ಥೆ ನೋಟ್‌ಬುಕ್ ಬಿಡಿಸಿ ಕೂತರು. ಹೆನ್ರಿ ಮಠಗಳನ್ನು ಮುಚ್ಚಿ ಆಸ್ತಿ ಕಸಿದದ್ದು, ಅದೆಲ್ಲ ಯುದ್ಧಕ್ಕೆ ಕರಗಿದ್ದು, ಬೆಳ್ಳಿ ನಾಣ್ಯಕ್ಕೆ ತಾಮ್ರ ಬೆರೆಸಿದ್ದು ಹೇಳಿದೆ. ನಾಣ್ಯ ಸವೆದು ಒಳಗಿನ ತಾಮ್ರ ಕಂಡಾಗ ಅದರ ಮೇಲಿನ ದೊರೆಯ ಮೂಗೇ ಮೊದಲು ಕೆಂಪಾಗುತ್ತಿತ್ತು ಎಂದಾಗ ಮಕ್ಕಳು ನಕ್ಕರು. ಧೈರ್ಯ ಬಂತು. ಅವನ ನಂತರ ಮಗನ ಕಾಲಕ್ಕೆ ಹೊಸ ಚರ್ಚಿನ ಪ್ರಾರ್ಥನೆ, ಮಗಳ ಕಾಲಕ್ಕೆ ಮತ್ತೆ ಕ್ಯಾಥೊಲಿಕ್ ಪ್ರಾರ್ಥನೆ. ಒಪ್ಪದೆ ಪ್ರಾಣ ಕಳೆದುಕೊಂಡವರೂ ಇದ್ದರು ಎಂದೆ.

ಮುಂದಿನ ಬೆಂಚಿನ ಹುಡುಗಿ ಕೈಯೆತ್ತಿದಳು. "ಮಿಸ್, ಆರ್ ಯೂ ಕ್ಯಾಥೊಲಿಕ್?"

ಮುಖ್ಯಸ್ಥೆಯ ಪೆನ್ನು ನಿಂತದ್ದು ಕಂಡಿತು.

"ನೋ," ಎಂದೆ.

ಕೆಲಸ ಸಿಕ್ಕಿತು. ಮೊದಲ ದಿನವೇ ಚಹಾ ಕುಡಿಯುತ್ತ ಮುಖ್ಯಸ್ಥೆ ತಮ್ಮ ಇಂಗ್ಲಿಷಿನಲ್ಲಿ ಸಹಜವಾಗಿ ಹೇಳಿದರು: "ನಾನು ಕ್ಯಾಥೊಲಿಕ್. ಇಲ್ಲಿ ಅದು ಯಾರಿಗೂ ದೊಡ್ಡ ವಿಷಯವಲ್ಲ."

ಹೆದರಿಕೆ ಅಲ್ಲಿಗೆ ಕರಗಬೇಕಿತ್ತಲ್ಲವೆ? ಇಲ್ಲ. ಈಗ ಸುಳ್ಳುಗಾತಿ ಎಂದು ಸಿಕ್ಕಿಬೀಳುವ ಭಯ ಹಿಡಿಯಿತು. ಪಿಆರ್ ಬಂತು, ಕ್ಲೈಡ್ ನಾರ್ತಿನಲ್ಲಿ ಸ್ವಂತ ಮನೆಯಾಯಿತು. ಭಾನುವಾರದ ಪೂಜೆಗೆ ಮಾತ್ರ ನಾನು ಎರಡು ಬಸ್ಸು ಬದಲಿಸಿ, ಗುರುತಿನವರಿಲ್ಲದ ದೂರದ ಬಡಾವಣೆಯ ಚರ್ಚಿಗೆ ಕಳ್ಳಿಯ ಹಾಗೆ ಹೋಗುತ್ತಿದ್ದೆ. ಸಿಡ್ನಿಯ ಬ್ಲ್ಯಾಕ್‌ಟೌನಿನಲ್ಲಿರುವ ಅಕ್ಕನ ಮನೆಗೆ ಹೋದಾಗಷ್ಟೇ ಚರ್ಚಿನ ಮೊದಲ ಸಾಲಿನಲ್ಲಿ ಕೂತು ಗಂಟಲು ಬಿಚ್ಚಿ ಹಾಡುತ್ತಿದ್ದೆ.

ಹೋದ ತಿಂಗಳು ಮುಖ್ಯಸ್ಥೆ ನಿವೃತ್ತರಾದರು. ಬೀಳ್ಕೊಡುವಾಗ ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ.

"ನನಗೆ ಅವತ್ತೇ ಗೊತ್ತಿತ್ತು," ಎಂದರು. "ಪಾಠ ಶುರುಮಾಡುವ ಮೊದಲು, ಬೋರ್ಡಿನ ಕಡೆ ತಿರುಗಿ, ನಾವು ಕ್ಯಾಥೊಲಿಕರು ಮಾಡುವ ಹಾಗೆ ನೀವು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಿರಿ."

ನನಗೇ ಗೊತ್ತಿರಲಿಲ್ಲ. "ಮತ್ತೆ ಕೆಲಸ ಯಾಕೆ ಕೊಟ್ಟಿರಿ?"

"ಆ ಕಾಲದ ಜನ ಎಷ್ಟು ಹೆದರಿದ್ದರು ಎಂದು ಮಕ್ಕಳಿಗೆ ಹೇಳಲು ಆ ಹೆದರಿಕೆಯನ್ನು ಬಲ್ಲವರೊಬ್ಬರು ಬೇಕಿತ್ತು."

ಈ ಭಾನುವಾರ ನಾನು ಬಸ್ಸು ಹತ್ತಲಿಲ್ಲ. ಮನೆಯ ಹತ್ತಿರದ ಚರ್ಚಿಗೆ ನಡೆದೇ ಹೋದೆ. ಎರಡು ಸಾಲು ಹಿಂದೆ ನನ್ನ ಕ್ಲಾಸಿನ ಇಬ್ಬರು ಹುಡುಗಿಯರು ಕೂತಿದ್ದರು. ಎದ್ದು ಹೊರಟುಬಿಡೋಣ ಅನ್ನಿಸಿತು. ಆದರೂ ತಿರುಗಿ ಅವರಿಗೆ ಕೈಬೀಸಿದೆ.