ಹೊಟ್ಟೆಗೆ ಇಳಿಯದ ಗಂಗೆ

ದೆವ್ವ, ಪವಾಡ, ಕನಸಿನಲ್ಲಿ ಬಂದು ಎಚ್ಚರಿಸಿದ ಅಜ್ಜಿ, ಇವೆಲ್ಲ ಹೊತ್ತು ಹೋಗದವರ ಹರಟೆ ಎಂದೇ ನಾನು ತಿಳಿದಿದ್ದೆ. ಸವಣೂರಿನ ನಮ್ಮ ಓಣಿಯಲ್ಲಿ ಯಾರಾದರೂ ಕಟ್ಟೆಯ ಮೇಲೆ ಕುಳಿತು ಇಂಥ ಕಥೆ ಶುರು ಮಾಡಿದರೆ ಎದ್ದು ಬರುತ್ತಿದ್ದೆ. ಈಗ ನಾನೇ ಒಂದು ಹೇಳಹೊರಟಿದ್ದೇನೆ, ನಗುವವರು ನಗಲಿ. ಇಂಥದ್ದಕ್ಕೆಲ್ಲ ಅಮಾವಾಸ್ಯೆಯ ರಾತ್ರಿಯೇ ಬೇಕಂತೆ. ನನ್ನದು ನಡೆದದ್ದು ಮಟಮಟ ಮಧ್ಯಾಹ್ನ, ನಾಲ್ಕು ಜನರ ಎದುರಿಗೆ.

ಅರವತ್ತರ ದಶಕದ ಕೊನೆಯ ಮಾತು. ಹಾನಗಲ್ಲಿಗೆ ಕೊಟ್ಟಿದ್ದ ನಮ್ಮ ಅಕ್ಕನಿಗೆ ಹೆರಿಗೆಯಲ್ಲಿ ವಿಪರೀತ ರಕ್ತ ಹೋಯಿತು. ಕೂಸು ಉಳಿಯಿತು. ಅಕ್ಕನಿಗೆ ಮಾತ್ರ ಮೂತ್ರವೇ ನಿಂತುಹೋಗಿ, ಮುಖ ಬಾತು, ಮಾತು ತೊದಲತೊಡಗಿತು. ಆ ಕಡೆಗಿದ್ದ ಒಂದು ಸಣ್ಣ ದವಾಖಾನೆಗೆ ಒಯ್ದೆವು. ಅದು ಈಗಿಲ್ಲ, ಹೆಸರೂ ಬೇಡ. ಅಲ್ಲಿ ಮುಂಬಯಿಯಲ್ಲಿ ಕಲಿತು ಬಂದ ಡಾಕ್ಟರರೊಬ್ಬರಿದ್ದರು.

"ಕಿಡ್ನಿ ಕೆಲಸ ಬಿಟ್ಟಾವ್ರಿ. ಅವು ತಿರುಗಿ ಶುರು ಆಗೂತನಕ ಮೈಯಾಗಿನ ವಿಷಾ ನಾವ ತಗೀಬೇಕು" ಎಂದರು.

ಈಗ ಡಯಾಲಿಸಿಸ್ ಎಂದರೆ ಯಂತ್ರ. ಅಲ್ಲಿ ಆಗ ಯಂತ್ರ ಎಲ್ಲಿಂದ ಬರಬೇಕು? ಹೊಕ್ಕಳ ಕೆಳಗೆ ತೂತು ಮಾಡಿ ನಳಿಗೆ ಇಟ್ಟರು. ಬಾಟಲಿಯ ಔಷಧದ ನೀರನ್ನು ಹೊಟ್ಟೆಯೊಳಗೆ ಬಿಟ್ಟು, ಸ್ವಲ್ಪ ಹೊತ್ತು ನಿಲ್ಲಿಸಿ, ವಿಷದ ಸಮೇತ ಹೊರಗೆ ತೆಗೆಯುವುದು. ಮತ್ತೊಂದು ಬಾಟಲಿ ಬಿಡುವುದು. ನೀರನ್ನು ದವಾಖಾನೆಯವರೇ ಕುದಿಸಿ ತುಂಬುತ್ತಿದ್ದರು. ಬಾಟಲಿಗಳನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಮೈಯಷ್ಟು ಬೆಚ್ಚಗೆ ಮಾಡುವ ಕೆಲಸ ಮನೆಯವರದು. ವರಾಂಡದಲ್ಲಿ ಒಲೆ ಹೂಡಿ ನಾನೂ ಅವ್ವನೂ ಅದನ್ನು ಮಾಡುತ್ತಿದ್ದೆವು.

"ಬಾಟ್ಲಿ ಬೂಚಿಗೆ ಕೈ ಹಚ್ಚಬ್ಯಾಡ್ರಿ. ಹೊರಗಿನ ಒಂದ ಹನಿ ಒಳಗ ಹೋದ್ರ ಹೊಟ್ಟಿಯೆಲ್ಲಾ ಕೀವಾಗ್ತದ" ಎಂದು ಡಾಕ್ಟರರು ಬಂದಾಗೊಮ್ಮೆ ಹೇಳುತ್ತಿದ್ದರು.

ಅವ್ವ ಮನೆಯಿಂದ ಗಂಗೆಯ ಗಿಂಡಿ ತಂದಿದ್ದಳು. ಅಜ್ಜ ಕಾಶಿಯಿಂದ ತಂದ, ಬಾಯಿಗೆ ಬೆಸುಗೆ ಹಾಕಿದ ತಾಮ್ರದ ಗಿಂಡಿ. ಕೊನೆಯ ಗಳಿಗೆಯಲ್ಲಿ ಬಾಯಿಗೆ ಬಿಡಲೆಂದೇ ನಮ್ಮ ಮನೆಗಳಲ್ಲಿ ಅದನ್ನು ಕಾದಿಟ್ಟಿರುತ್ತಾರೆ. ಅದನ್ನು ಕಂಡು ನನಗೆ ಮೈ ಉರಿದುಹೋಯಿತು. "ಅಕ್ಕ ಇನ್ನೂ ಜೀವಂತ ಇದ್ದಾಳ, ಒಳಗಿಡು ಅದನ್ನ" ಎಂದು ಗದರಿದ್ದೆ.

ಆ ಮಧ್ಯಾಹ್ನ ಹೊಸ ಬಾಟಲಿ ತೂಗುಹಾಕಿದರು. ನೀರು ಇಳಿಯಲಿಲ್ಲ. ಬಾಟಲಿಯೊಳಗೆ ಗಾಳಿಯಾಡಲೆಂದು ಬೂಚಿಗೆ ಚುಚ್ಚಿದ್ದ ಸೂಜಿಯನ್ನು ಡಾಕ್ಟರರು ಬದಲಿಸಿದರು. ಬಾಟಲಿ ಎತ್ತರಿಸಿದರು, ಬಡಿದರು. ಹೊಟ್ಟೆಯ ಕಡೆಗೇ ಏನೋ ಅಡ್ಡ ಬಂದಿರಬೇಕೆಂದು ನಳಿಗೆಯನ್ನು ಅಲ್ಲಿಂದ ಬಿಡಿಸಿ ಬೋಗುಣಿಗೆ ಹಿಡಿದರು. ಅಲ್ಲಿಯೂ ಒಂದು ಹನಿ ಬೀಳಲಿಲ್ಲ. ಬಾಟಲಿಯ ತುಂಬ ನೀರಿದೆ, ನಳಿಗೆ ಒಣಗಿದೆ.

ಬಾಗಿಲಲ್ಲಿ ನಿಂತಿದ್ದ ಅವ್ವ ಕುಸಿದು ಕುಳಿತಳು. "ಅಯ್ಯೋ, ಗಂಗವ್ವ ಒಲ್ಲೆ ಅಂದಳು! ನನ್ನ ಮಗಳು ಇನ್ನ ಉಳಿಯೂದಿಲ್ಲ!"

"ಏನ ಮಾಡಿದಿ ಅವ್ವಾ?"

"ಬಾಯಾಗ ನೀರು ಹಾಕಬ್ಯಾಡ ಅಂದ್ರು. ಹೆಂಗಾರ ಒಳಗ ಹೋಗಲಿ ಅಂತ ಗಿಂಡಿ ಬೆಸುಗಿ ಒಡದು, ಬಾಟ್ಲಿ ಬೂಚು ತಗದು ಒಂದು ಚಮಚಾ ಗಂಗಿ ಬಿಟ್ಟೆ. ಗಂಗಿಗಿಂತಾ ಮಡಿ ಯಾವದದ ಹೇಳು!"

"ಮಗಳನ್ನ ನಿಮ್ಮ ಕೈಯಾರೆ ಕೊಲ್ಲಾಕತ್ತಿದ್ರಲ್ರಿ, ತಾಯಿ!" ಎಂದು ಡಾಕ್ಟರರು ಕೂಗಿದರು. ಸಿಟ್ಟಿನಲ್ಲಿ ಬಾಟಲಿ ಇಳಿಸಲು ಕೈ ಹಾಕಿದರು. ನಳಿಗೆ ಇನ್ನೂ ಬೋಗುಣಿಯಲ್ಲೇ ಇತ್ತು. ಯಾರೂ ಏನನ್ನೂ ಬದಲಿಸಿರಲಿಲ್ಲ. ನೀರು ತಾನಾಗಿಯೇ ಧೋ ಎಂದು ಸುರಿಯಿತು, ಬಾಟಲಿ ಬರಿದಾಗುವವರೆಗೆ.

"ಗಾಳಿ ಕಟ್ಟಿತ್ತೇನೋ" ಎಂದರು ಡಾಕ್ಟರರು, ನನ್ನ ಮುಖ ನೋಡದೆ. ನಳಿಗೆಯನ್ನು ಮತ್ತೆ ಕುದಿಸಿ ಬೇರೆ ಬಾಟಲಿ ಹಾಕಿದಾಗ ಸರಿಯಾಗಿ ಇಳಿಯಿತು. ಕೆಲವು ದಿನಗಳಲ್ಲಿ ಅಕ್ಕನಿಗೆ ಮೂತ್ರ ಬಂತು, ಮಾತು ನೆಟ್ಟಗಾಯಿತು. ನಾನು ದವಾಖಾನೆಯ ಹಿಂದೆ ಹೋಗಿ ಒಬ್ಬಳೇ ಅತ್ತೆ.

ಅವ್ವ ಈಗ ಬೇರೆ ಮಾತು ಆಡತೊಡಗಿದಳು. ಗಂಗವ್ವ ಒಲ್ಲೆ ಅಂದದ್ದಲ್ಲವಂತೆ, ತಡೆದು ಕಾಯ್ದಳಂತೆ. ನನಗೆ ತಲೆ ಕೆಟ್ಟುಹೋಯಿತು. ಆ ನೀರು ಪವಿತ್ರವಾಗಿದ್ದರೆ ತಡೆಯುವುದೇಕೆ? ಕೊಲ್ಲುವ ನೀರಾಗಿದ್ದರೆ ತಡೆದವರು ಯಾರು? ಗಾಳಿಯೇ ಎನ್ನೋಣ. ಅಷ್ಟೊಂದು ಬಾಟಲಿಗಳಲ್ಲಿ ಅದೊಂದಕ್ಕೇ ಗಾಳಿ ಕಟ್ಟಬೇಕೇ?

ಇಷ್ಟಾಗುವಾಗ ಪಕ್ಕದ ಮಂಚಕ್ಕೆ ರಟ್ಟೀಹಳ್ಳಿ ಕಡೆಯ ಒಬ್ಬ ರೈತನ ಹೆಂಡತಿ ಬಂದಿದ್ದಳು. ಅದೇ ಬೇನೆ, ಅದೇ ಉಪಚಾರ. ಸುದ್ದಿ ಅವಳ ಗಂಡನ ಕಿವಿಗೆ ಬೀಳುವಷ್ಟರಲ್ಲಿ ತಿರುವುಮುರುವಾಗಿತ್ತು. ಅವನು ಕೈಮುಗಿದು ನನ್ನ ಮುಂದೆ ನಿಂತ.

"ನಿಮ್ಮ ಅವ್ವಾರು ಬಾಟ್ಲಿಗೆ ಹಾಕಿದ ಗಂಗಿ ನಮಗೂ ಒಂದೀಟು ಕೊಡ್ರಿ, ಅಕ್ಕಾರ."

ಅದು ಒಳಗೆ ಹೋದರೆ ಅವಳು ಉಳಿಯುವುದಿಲ್ಲ ಎಂದು ತಿಳಿಸಿ ಹೇಳಿದೆ.

"ನಿಮ್ಮ ಅಕ್ಕಾರು ಉಳದಾರಲ್ರಿ?"

ಒಳಗೆ ಹೋಗಲೇ ಇಲ್ಲ ಎಂದೆ. ಸುಳ್ಳು ಹೇಳುವವಳನ್ನು ನೋಡಿದಂತೆ ನನ್ನನ್ನು ನೋಡಿದ.

ಅವಳ ಬಾಟಲಿಗಳಿಗೆ ಯಾರೂ ಏನೂ ಬೆರೆಸಲಿಲ್ಲ. ನಾನೇ ಕಾವಲು ಕುಳಿತಿದ್ದೆ. ಆದರೂ ಜ್ವರ ಏರಿತು, ಹೊಟ್ಟೆ ಹಲಗೆಯಂತೆ ಬಿಗಿಯಿತು. ಒಳಗೆ ಕೀವಾದದ್ದು ನಳಿಗೆಯಿಂದಲೋ, ನೀರಿನಿಂದಲೋ, ಡಾಕ್ಟರರಿಗೂ ತಿಳಿಯಲಿಲ್ಲ. ಅವಳು ತೀರಿಕೊಂಡಳು. ಅವಳ ಬಾಟಲಿಗಳಲ್ಲಿ ಒಂದೂ ತಡೆದು ನಿಲ್ಲಲಿಲ್ಲ, ಎಲ್ಲವೂ ಸರಾಗವಾಗಿ ಇಳಿದವು.

ಹೆಣವನ್ನು ಚಕ್ಕಡಿಗೆ ಏರಿಸಿ ಅವನು ನನ್ನ ಕಡೆ ತಿರುಗಿದ. "ಒಂದ ಹನಿ ಕೊಟ್ಟಿದ್ರ ನಿಮ್ಮದೇನ ಹೋಗ್ತಿತ್ರೀ?"

ನಾನು ಹೇಳಿದ್ದು ಸರಿಯಾಗಿಯೇ ಇತ್ತು.